ಹಳೇ ಬೈಕಿನ ಪ್ರಾಣ ಕಾಯುವ ಸ್ಪಂಜು

ಒಂದು ಲೀಟರ್ ಪೆಟ್ರೋಲ್ ಚೆನ್ನಾಗಿ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? ಹೆಚ್ಚುಕಡಿಮೆ 9,000 ಲೀಟರ್! ಲೆಕ್ಕ ಸುಲಭ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ. ಅದಕ್ಕೆ ಸುಮಾರು 11 ಕಿಲೋ ಗಾಳಿ. ಅಷ್ಟು ಗಾಳಿ ಸುಮಾರು 9 ಘನ ಮೀಟರ್ ಜಾಗ ತುಂಬುತ್ತದೆ.

ಈ ಗಾಳಿಯೆಲ್ಲ ಡಾಂಬರು ರಸ್ತೆಯ ಮೇಲಿನದಲ್ಲ, ಧೂಳೆದ್ದ ಮಣ್ಣು ಹಾದಿಯದು ಎಂದುಕೊಳ್ಳಿ. ಆಗ ಎಂಜಿನ್ನಿಗೂ ಧೂಳಿಗೂ ನಡುವೆ ಇರುವ ತಡೆ ಒಂದೇ: ಸೀಟಿನ ಕೆಳಗಿನ ಡಬ್ಬಿಯಲ್ಲಿ ಅಡಗಿ ಕುಳಿತ ಏರ್ ಫಿಲ್ಟರ್.

ಮಣ್ಣು ಹಾದಿಗೆಂದೇ ಹುಟ್ಟಿದ ಹಳೆಯ ಬೈಕುಗಳಲ್ಲಿ ಜಪಾನಿನ ಯಮಹಾ ಕಂಪೆನಿ 1968ರಲ್ಲಿ ಮಾರುಕಟ್ಟೆಗೆ ತಂದ 250 ಸಿಸಿಯ ಡಿಟಿ-1 ಹೆಸರುವಾಸಿ. ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100 ರಸ್ತೆಯ ಬೈಕೇ ಆದರೂ ಡರ್ಟ್ ಟ್ರ್ಯಾಕ್ ರೇಸುಗಳಲ್ಲಿ ಹುಡುಗರ ಅಚ್ಚುಮೆಚ್ಚು. ಇಂಥ ಟೂ-ಸ್ಟ್ರೋಕ್ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್. ನೋಡಲು ಬರೀ ಸ್ಪಂಜು.

ಧೂಳು ಮಾಡುವ ಕೇಡು

ಧೂಳಿನಲ್ಲಿ ಕ್ವಾರ್ಟ್ಸ್ ಕಣಗಳಿರುತ್ತವೆ. ವಿಜ್ಞಾನ ಪಾಠದಲ್ಲಿ ಬರುವ ಮೋಸ್ ಗಡಸುತನದ ಪಟ್ಟಿಯಲ್ಲಿ ಕ್ವಾರ್ಟ್ಸಿನ ಸ್ಥಾನ 7. ಚಾಕುವಿನ ಉಕ್ಕಿನದು ಸುಮಾರು 5.5. ಅಂದಮೇಲೆ ಧೂಳು ಸಿಲಿಂಡರನ್ನು ಗೀರುವುದರಲ್ಲಿ ಆಶ್ಚರ್ಯವೇನು? ಪಿಸ್ಟನ್, ರಿಂಗ್ ಸವೆಯುತ್ತವೆ, ಕಂಪ್ರೆಷನ್ ಇಳಿಯುತ್ತದೆ, ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮೊದಲು ಹೋಗುವುದು ಕ್ರ್ಯಾಂಕ್ ಕೇಸಿಗೆ. ಹೀಗಾಗಿ ಅಲ್ಲಿನ ಬೇರಿಂಗುಗಳಿಗೂ ಪೆಟ್ಟು.

ಫೋಮಿನ ರಂಧ್ರಗಳು ಧೂಳಿನ ಕಣಕ್ಕಿಂತ ದೊಡ್ಡವು. ಹಾಗಿದ್ದೂ ಅದು ಧೂಳನ್ನು ಹಿಡಿಯುವುದು ಹೇಗೆ? ಫೋಮಿನ ಒಳಗೆ ದಾರಿ ಅಂಕುಡೊಂಕು. ಗಾಳಿ ತಿರುಗಿಕೊಂಡು ಹೋಗುತ್ತದೆ. ಭಾರದ ಕಣ ಅಷ್ಟು ಬೇಗ ತಿರುಗಲಾರದೆ ಎಣ್ಣೆ ಮೆತ್ತಿದ ಎಳೆಗೆ ಬಡಿದು ಅಂಟಿಕೊಳ್ಳುತ್ತದೆ. ಎಣ್ಣೆ ಆರಿದ ಫೋಮ್ ಇದ್ದೂ ಇಲ್ಲದಂತೆ.

ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಕಡಿಮೆ ಮೈಲೇಜು. ಹಾಗೆಂದು ‘ಪಿಕಪ್ ಬರುತ್ತದೆ’ ಎಂದು ಫಿಲ್ಟರನ್ನೇ ಕಿತ್ತೆಸೆಯುವ ಹುಡುಗರಿದ್ದಾರೆ. ಆಗ ಗಾಳಿ ಹೆಚ್ಚಾಗಿ, ಪೆಟ್ರೋಲಿನೊಂದಿಗೆ ಬರುವ ಎಣ್ಣೆಯ ಪಾಲೂ ಕಡಿಮೆಯಾಗಿ ಪಿಸ್ಟನ್ ಬಿಸಿಯೇರಿ ಹಿಡಿದುಕೊಳ್ಳುವ ಅಪಾಯವಿದೆ. ಓಡುತ್ತಿರುವಾಗ ಹಾಗಾದರೆ ಹಿಂದಿನ ಚಕ್ರವೇ ನಿಂತುಬಿಡಬಹುದು, ಸವಾರ ನೆಲಕ್ಕುರುಳಬಹುದು.

ತೊಳೆಯುವ ಕ್ರಮ

ಮೊದಲು ಡಬ್ಬಿಯ ಹೊರಗಿನ ಧೂಳು ಒರೆಸಿ. ಫೋಮ್ ಹೊರತೆಗೆದ ಕೂಡಲೇ ಕಾರ್ಬ್ಯುರೇಟರಿಗೆ ಹೋಗುವ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಡಬ್ಬಿಯ ಒಳಗನ್ನೂ ಒದ್ದೆ ಬಟ್ಟೆಯಿಂದ ಒರೆಸಿ.

ತೊಳೆಯಲು ಪೆಟ್ರೋಲ್ ಖಂಡಿತ ಬೇಡ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿಗೆ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಫೋಮಿನ ಅಂಟನ್ನೂ ಅದು ಬಿಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಫೋಮ್ ಫಿಲ್ಟರ್ ಕ್ಲೀನರ್ ಒಳ್ಳೆಯದು. ಸೀಮೆಎಣ್ಣೆಯೂ ಆದೀತು, ಆದರೆ ಬಯಲಿನಲ್ಲಿ, ಕೈಗವಸು ಹಾಕಿಕೊಂಡು, ಒಲೆ-ಬೀಡಿಗಳಿಂದ ದೂರ. ಅದ್ದಿ ಅದ್ದಿ ಅಂಗೈಗಳ ನಡುವೆ ಒತ್ತಿ. ಬಟ್ಟೆ ಹಿಂಡುವಂತೆ ತಿರುಚಿದರೆ ಹರಿದೀತು! ಬಳಿಕ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ತಿಳಿನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಕೊಳೆ ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿ.

ಒಣಗಿದ ಫೋಮಿಗೆ ಫಿಲ್ಟರ್ ಆಯಿಲ್ ಹಚ್ಚಿ. ಅದಿಲ್ಲದಿದ್ದರೆ 80 ಅಥವಾ 90 ನಂಬರಿನ ಗೇರ್ ಆಯಿಲ್ ನಡೆಯುತ್ತದೆ. ಬಣ್ಣ ಎಲ್ಲೆಡೆ ಒಂದೇ ಸಮ ಕಾಣುವವರೆಗೆ ಒತ್ತಿ ಹರಡಿ. ಹೆಚ್ಚಾದದ್ದನ್ನು ಹಿಂಡಿ ತೆಗೆಯಿರಿ. ತೊಟ್ಟಿಕ್ಕಬಾರದು, ಒಣಗಿಯೂ ಇರಬಾರದು. ಅಂಚಿಗೆ ತೆಳುವಾಗಿ ಗ್ರೀಸ್ ಬಳಿದು ಕೂರಿಸಿದರೆ ಸಂದಿಯಲ್ಲಿ ಧೂಳು ನುಸುಳದು. ತುರುಕಿದ ಬಟ್ಟೆ ತೆಗೆಯುವುದನ್ನು ಮಾತ್ರ ಮರೆಯಬೇಡಿ!

ಹಳೇ ಬೈಕಿಗೆ ಇನ್ನೊಂದು ಎಚ್ಚರಿಕೆ

ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಬೈಕಿನ ಫೋಮನ್ನು ಬೆರಳಿನಿಂದ ಒತ್ತಿ ನೋಡಿ. ಹಳಸಿದ ಫೋಮ್ ಹಿಟ್ಟಿನಂತೆ ಉದುರುತ್ತದೆ. ಆ ಪುಡಿ ಕಾರ್ಬ್ಯುರೇಟರನ್ನೇ ಸೇರೀತು. ಅದನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದು ಹಾಕಿ. ಹಾಸಿಗೆಯ ಸ್ಪಂಜು ಕತ್ತರಿಸಿ ತುರುಕಬೇಡಿ. ಡಬ್ಬಿಗೂ ಕಾರ್ಬ್ಯುರೇಟರಿಗೂ ನಡುವಿನ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ತೊಳೆದದ್ದೆಲ್ಲ ವ್ಯರ್ಥ. ಧೂಳಿನಲ್ಲಿ ಓಡಿಸಿದ ದಿನವೆಲ್ಲ ಫಿಲ್ಟರ್ ನೋಡಲೇಬೇಕು. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಡಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಸ್ಪಂಜು ತೊಳೆಯಲು ಒಂದು ಮಧ್ಯಾಹ್ನ ಸಾಕು. ಸವೆದ ಎಂಜಿನ್ ಬಿಚ್ಚಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಹಣವಷ್ಟೇ ಅಲ್ಲ, ತಯಾರಿಕೆ ನಿಂತ ಬೈಕಿನ ಬಿಡಿಭಾಗ ಹುಡುಕುತ್ತ ಅಂಗಡಿ ಅಂಗಡಿ ಅಲೆಯಬೇಕು.

ತಂದೆತಾಯಿಗಳಿಗೊಂದು ಮಾತು. ಮಗ ಅಥವಾ ಮಗಳು ಅಜ್ಜನ ಬೈಕಿನ ಬೀಗದ ಕೈ ಕೇಳಿದಾಗ ಮೊದಲು ಸ್ಪ್ಯಾನರ್ ಕೊಡಿ. ಮೊದಲ ಸಲ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಗೇರ್ ಇರುವ ಬೈಕ್ ಓಡಿಸುವ ಪರವಾನಗಿಗೆ 18 ತುಂಬಬೇಕು. ಫಿಲ್ಟರ್ ತೊಳೆಯಲು ಯಾವ ಪರವಾನಗಿಯೂ ಬೇಡ.