ಬೆಸುಗೆಯ ಸೆಳೆತ

ಹಸಿ ಮರದ ಹಲಗೆ ಒಣಗುತ್ತ ಸೊಟ್ಟಗಾಗುವುದನ್ನು ವಾಚಕರು ಕಂಡೇ ಇರುವರು. ಬೆಸುಗೆಗೆ ಸಿಕ್ಕ ಉಕ್ಕಿನ ಪಾಡೂ ಅದೇ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಕುಗ್ಗುತ್ತ ಅಕ್ಕಪಕ್ಕದ ಫಲಕಗಳನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಈ ಉಪದ್ರವ ಇನ್ನೂ ಹೆಚ್ಚು. ಸಾಧಾರಣ ಉಕ್ಕಿಗಿಂತ ಅದು ಕಾವಿಗೆ ಅಧಿಕವಾಗಿ ಹಿಗ್ಗುತ್ತದೆ, ಆದರೆ ಕಾವನ್ನು ಬೇಗ ಹರಡಗೊಡದು.

ದಕ್ಷಿಣ ಫ್ರಾನ್ಸಿನ ಕದರಾಷ್‌ನಲ್ಲಿ, ಭಾರತವೂ ಪಾಲುಗೊಂಡು, ‘ಈಟರ್’ ಎಂಬ ಪರಮಾಣು ಸಮ್ಮಿಲನ ಯಂತ್ರದ ನಿರ್ಮಾಣ ನಡೆದಿದೆ. 15 ಕೋಟಿ ಡಿಗ್ರಿಯ ಪ್ಲಾಸ್ಮಾ ನೆಲೆಸಬೇಕಾದ ಅದರ ನಿರ್ವಾತ ಪಾತ್ರೆಗೆ ಇಬ್ಬದಿಯ ಉಕ್ಕಿನ ಗೋಡೆ. ಒಟ್ಟು ಒಂಬತ್ತು ಹೋಳುಗಳು; ಒಂದೊಂದೂ ಸುಮಾರು 440 ಟನ್ ತೂಕ. ಇಷ್ಟು ಭಾರದ ವಸ್ತುವಿನಲ್ಲಿ ಲೆಕ್ಕವೆಲ್ಲ ಮಿಲಿಮೀಟರಿನದು!

ಇಂಥ ಕೆಲಸದಲ್ಲಿ ಕುಶಲಿಗಳು ಫಲಕಗಳನ್ನು ಗಟ್ಟಿ ಚೌಕಟ್ಟಿಗೆ ಬಿಗಿದು, ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಬೆಸುಗೆಯಿಡುತ್ತಾರೆ. ಒಂದರ ಸೆಳೆತವನ್ನು ಇನ್ನೊಂದು ಸರಿದೂಗಿಸಬೇಕು. ನಡುನಡುವೆ ಅಳೆದು ನೋಡದೆ ಮುಂದಕ್ಕೆ ಹೋಗುವಂತಿಲ್ಲ.

ಆದರೂ ‘ಈಟರ್’ ಹೋಳುಗಳ ಕೂಡುವ ಅಂಚುಗಳು ನಿಗದಿತ ಆಕಾರಕ್ಕೆ ಒಪ್ಪಲಿಲ್ಲ. ಸ್ವಯಂಚಾಲಿತ ಬೆಸುಗೆಯಂತ್ರ ಆ ಅಂಚಿನುದ್ದಕ್ಕೂ ಸರಾಗವಾಗಿ ಸಾಗಬೇಡವೇ? 2022ರ ಮೇ ತಿಂಗಳಲ್ಲಿ ಕುಳಿಗಿಳಿಸಿದ್ದ ಹೋಳನ್ನು 2023ರ ಜುಲೈನಲ್ಲಿ ಮೇಲೆತ್ತಬೇಕಾಯಿತು. (ಶಾಖತಡೆಯ ತಂಪುಕೊಳವೆಗಳಲ್ಲಿ ಬಿರುಕು ಕಂಡದ್ದು ಇದಕ್ಕೆ ಇನ್ನೊಂದು ಕಾರಣ.) ಉಬ್ಬಿದ್ದೆಡೆ ತರಿದು, ತಗ್ಗಿದ್ದೆಡೆ ಲೋಹ ತುಂಬಿ ಅಂಚುಗಳನ್ನು ತಿದ್ದುವ ಕಾರ್ಯ ಮೊದಲಾಯಿತು. ತುಂಬುವುದಾದರೂ ಬೆಸುಗೆಯಿಂದಲೇ, ಎಂದರೆ ಹೊಸ ಸೆಳೆತದ ಮೇಲೂ ಕಣ್ಣಿಡಬೇಕು. ತಿದ್ದಿದ ಹೋಳುಗಳಲ್ಲಿ ಮೊದಲನೆಯದು ಕುಳಿಗಿಳಿದದ್ದು 2025ರ ಏಪ್ರಿಲ್‌ನಲ್ಲಿ.