ಹವಳದ ಅಕ್ವೇರಿಯಂನ ವರ್ಗಾವಣೆ

ಹವಳದ ಅಕ್ವೇರಿಯಂನ ವರ್ಗಾವಣೆ ಎಂದರೆ ಉಪ್ಪುನೀರಿನ ತೊಟ್ಟಿಯೊಂದರಲ್ಲಿ ಸಾಕಲಾಗುತ್ತಿರುವ ಹವಳ, ಮೀನು ಹಾಗೂ ಇತರ ಅಕಶೇರುಕಗಳನ್ನು, ಅವುಗಳಿಗೆ ಆಧಾರವಾದ ಜೀವಂತ ಶಿಲೆಗಳೊಂದಿಗೆ ಹೆಚ್ಚಿನ ಗಾತ್ರದ ತೊಟ್ಟಿಗೆ ಸಾಗಿಸುವ ಕ್ರಿಯೆ. ತೊಟ್ಟಿಯ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳ ಸಮುದಾಯಕ್ಕೆ ಧಕ್ಕೆಯಾಗದಂತೆ ಈ ಕೆಲಸವನ್ನು ಪೂರೈಸುವುದು ಇದರ ಮುಖ್ಯ ಸವಾಲು. ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುವ ಈ ಕಾರ್ಯಕ್ಕೆ ಹಲವು ವಾರಗಳ ಸಿದ್ಧತೆ ಬೇಕಾಗುತ್ತದೆ.

ಕಾರಣಗಳು

ಹವಳಗಳು ಬೆಳೆದು ಒಂದನ್ನೊಂದು ಮುಟ್ಟತೊಡಗಿದಾಗ ಕುಟುಕು ಕೋಶಗಳಿಂದ ಪರಸ್ಪರ ಘಾಸಿಗೊಳಿಸುತ್ತವೆ. ಮರಿಯಾಗಿ ತಂದ ಮೀನುಗಳಿಗೂ ಕಾಲಕ್ರಮೇಣ ಈಜುವ ಸ್ಥಳ ಸಾಲದಾಗುತ್ತದೆ. ಇದಲ್ಲದೆ, ನೀರಿನ ಪ್ರಮಾಣ ಹೆಚ್ಚಿದಷ್ಟೂ ಉಷ್ಣಾಂಶ, ಲವಣಾಂಶ ಮತ್ತು ಕಲ್ಮಶದ ಮಟ್ಟ ನಿಧಾನವಾಗಿ ಬದಲಾಗುತ್ತವೆ. ಆದ್ದರಿಂದ ದೊಡ್ಡ ತೊಟ್ಟಿಯಲ್ಲಿ ತಪ್ಪನ್ನು ಗುರುತಿಸಿ ಸರಿಪಡಿಸಲು ಹೆಚ್ಚು ಕಾಲಾವಕಾಶ ದೊರೆಯುತ್ತದೆ.

ಜೈವಿಕ ಹಿನ್ನೆಲೆ

ಮೀನುಗಳು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತವೆ. ಉಳಿದ ಆಹಾರ ಮತ್ತು ಸತ್ತ ಜೀವಿಗಳು ಕೊಳೆತಾಗಲೂ ಅಮೋನಿಯಾ ಉತ್ಪತ್ತಿಯಾಗುತ್ತದೆ. ಬ್ಯಾಕ್ಟೀರಿಯಾಗಳ ಒಂದು ಗುಂಪು ಇದನ್ನು ನೈಟ್ರೈಟ್ ಆಗಿ, ಮತ್ತೊಂದು ಗುಂಪು ನೈಟ್ರೈಟನ್ನು ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿ ಪರಿವರ್ತಿಸುತ್ತದೆ. ಸಮುದ್ರದ ನೀರು ಕ್ಷಾರೀಯವಾಗಿರುವುದರಿಂದ ಅದರಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚಿರುತ್ತದೆ.

ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಶಿಲೆ, ಮರಳು ಮತ್ತು ಶೋಧಕದ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ನೀರಿನಲ್ಲಿ ತೇಲುವವು ಅತ್ಯಲ್ಪ. ಹಾಗಾಗಿ ಹಳೆಯ ನೀರನ್ನು ಮಾತ್ರ ಹೊಸ ತೊಟ್ಟಿಗೆ ತುಂಬಿದರೆ ಶುದ್ಧೀಕರಣ ಸಾಮರ್ಥ್ಯ ವರ್ಗಾವಣೆಯಾಗುವುದಿಲ್ಲ. ಶಿಲೆಗಳು ಒಣಗಿದರೆ ಬ್ಯಾಕ್ಟೀರಿಯಾಗಳೊಂದಿಗೆ ಅವುಗಳಲ್ಲಿನ ಸ್ಪಂಜು, ಹುಳು ಮೊದಲಾದ ಜೀವಿಗಳೂ ಸತ್ತು, ಶುದ್ಧೀಕರಿಸಬೇಕಾದ ಶಿಲೆಯೇ ಅಮೋನಿಯಾದ ಮೂಲವಾಗುತ್ತದೆ.

ಪೂರ್ವಸಿದ್ಧತೆ

120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಮತ್ತು 60 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 432 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ಸಮುದ್ರದ ನೀರಿನ ತೂಕವೇ ಸುಮಾರು 440 ಕಿಲೋಗ್ರಾಂ. ಗಾಜು, ಶಿಲೆ ಮತ್ತು ಮರಳಿನ ತೂಕ ಇದಕ್ಕೆ ಸೇರುವುದರಿಂದ ನೆಲ ಹಾಗೂ ಪೀಠ ಈ ಭಾರವನ್ನು ತಾಳಬಲ್ಲವೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಪೀಠವು ಸಮತಟ್ಟಾಗಿರದಿದ್ದರೆ ಗಾಜಿನ ಬೆಸುಗೆಗಳ ಮೇಲೆ ಅಸಮ ಒತ್ತಡ ಬೀಳುತ್ತದೆ. ಹೊಸ ತೊಟ್ಟಿಯಲ್ಲಿ ಸಿಹಿನೀರು ತುಂಬಿ ಕೆಲವು ದಿನಗಳ ಕಾಲ ಸೋರಿಕೆಯನ್ನು ಪರೀಕ್ಷಿಸುವುದು ವಾಡಿಕೆ.

ಹಳೆಯ ತೊಟ್ಟಿ 200 ಲೀಟರ್‌ನದಾಗಿದ್ದರೆ ಇನ್ನೂ ಸುಮಾರು 230 ಲೀಟರ್ ಉಪ್ಪುನೀರು ಬೇಕಾಗುತ್ತದೆ. ಪ್ರತಿ ಲೀಟರ್‌ಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಇದಕ್ಕೆ 8 ಕಿಲೋಗ್ರಾಂ ಸಮುದ್ರ ಲವಣ ಮಿಶ್ರಣ ತಗಲುತ್ತದೆ. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ; ಅದರಲ್ಲಿ ಹವಳಕ್ಕೆ ಅಗತ್ಯವಾದ ಪ್ರಮಾಣದ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಾರ್ಬೊನೇಟ್‌ಗಳು ಇರುವುದಿಲ್ಲ. ವಿಲೋಮ ಪರಾಸರಣದಿಂದ ಶುದ್ಧಗೊಳಿಸಿದ ನೀರಿನಲ್ಲಿ ಲವಣವನ್ನು ಬೆರೆಸಿ, ಪಂಪು ಮತ್ತು ಹೀಟರ್ ಚಾಲನೆಯಲ್ಲಿಟ್ಟು, ಒಂದು ದಿನದ ನಂತರ ಬಳಸಲಾಗುತ್ತದೆ. ಹೊಸ ನೀರಿನ ಲವಣಾಂಶ, ಉಷ್ಣಾಂಶ ಮತ್ತು ಕ್ಷಾರೀಯತೆ ಹಳೆಯ ನೀರಿನವುಗಳಿಗೆ ಹೊಂದಿಕೆಯಾಗಬೇಕು.

ವರ್ಗಾವಣೆಯ ಕ್ರಮ

1. ಹಳೆಯ ತೊಟ್ಟಿಯ ಮೇಲ್ಭಾಗದ ತಿಳಿನೀರನ್ನು ಮರಳು ಕದಡುವ ಮೊದಲೇ ಶುಭ್ರವಾದ ಪಾತ್ರೆಗಳಿಗೆ ತೆಗೆದುಕೊಳ್ಳಲಾಗುತ್ತದೆ.
2. ಹವಳಗಳನ್ನೂ ನಂತರ ಶಿಲೆಗಳನ್ನೂ ಆ ನೀರಿನಲ್ಲಿ ಮುಳುಗಿಸಿಡಲಾಗುತ್ತದೆ. ನೀರಿನ ಚಲನೆ ಮತ್ತು ಉಷ್ಣಾಂಶವನ್ನು ಕಾಪಾಡಲಾಗುತ್ತದೆ.
3. ಶಿಲೆಗಳು ತೆರವಾದ ಮೇಲೆ ಮೀನುಗಳಿಗೆ ಅಡಗುತಾಣವಿಲ್ಲದ ಕಾರಣ ಅವುಗಳನ್ನು ಸುಲಭವಾಗಿ ಹಿಡಿಯಬಹುದು. ಅವುಗಳನ್ನು ಗಾಳಿ ಪೂರೈಕೆಯಿರುವ, ಮುಚ್ಚಳವುಳ್ಳ ಪಾತ್ರೆಯಲ್ಲಿಡಲಾಗುತ್ತದೆ.
4. ಹೊಸ ತೊಟ್ಟಿಯಲ್ಲಿ ಶಿಲೆಗಳನ್ನು ಅಲುಗದಂತೆ ಜೋಡಿಸಿ, ಮರಳು ಹರಡಿ, ಹಳೆಯ ಮತ್ತು ಹೊಸ ನೀರನ್ನು ತುಂಬಲಾಗುತ್ತದೆ. ಶಿಲೆಗಳನ್ನು ನೇರವಾಗಿ ತಳದ ಮೇಲಿಟ್ಟರೆ, ಮರಳು ಕೊರೆಯುವ ಮೀನುಗಳಿಂದ ಅವು ಕುಸಿಯುವುದಿಲ್ಲ.
5. ನೀರಿನ ಪರೀಕ್ಷೆಯ ನಂತರ ಹವಳಗಳನ್ನು, ಕೊನೆಯಲ್ಲಿ ಮೀನುಗಳನ್ನು ಬಿಡಲಾಗುತ್ತದೆ.

ಸಮುದ್ರ ಹೂವುಗಳನ್ನು ಕಲ್ಲಿನಿಂದ ಬಲವಂತವಾಗಿ ಕೀಳುವುದರಿಂದ ಅವುಗಳ ಪಾದ ಹರಿಯುತ್ತದೆ. ಕಲ್ಲಿನ ಸಮೇತ ಸಾಗಿಸುವುದು ಸುರಕ್ಷಿತ. ಹೊಸ ತೊಟ್ಟಿಯಲ್ಲಿ ಅವು ನೆಲೆ ಹುಡುಕುತ್ತಾ ಚಲಿಸುವುದರಿಂದ ಪಂಪುಗಳ ಬಾಯಿಗೆ ಜಾಲರಿ ಅಳವಡಿಸಬೇಕಾಗುತ್ತದೆ.

ಹಳೆಯ ಮರಳು

ವರ್ಗಾವಣೆಯ ವೈಫಲ್ಯಕ್ಕೆ ಹಳೆಯ ಮರಳು ಆಗಾಗ ಕಾರಣವಾಗುತ್ತದೆ. ವರ್ಷಗಟ್ಟಲೆ ಕದಡದ ಮರಳಿನ ಆಳದಲ್ಲಿ ಸಾವಯವ ಕಲ್ಮಶ ಸಂಗ್ರಹವಾಗಿ, ಆಮ್ಲಜನಕವಿಲ್ಲದ ಪದರಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಉಂಟಾಗಬಹುದು. ಕಪ್ಪು ಬಣ್ಣ ಮತ್ತು ಕೊಳೆತ ಮೊಟ್ಟೆಯ ವಾಸನೆ ಇದರ ಲಕ್ಷಣಗಳು. ಇಂತಹ ಮರಳನ್ನು ಹಾಗೆಯೇ ಸುರಿದರೆ ಈ ವಸ್ತುಗಳು ಏಕಕಾಲಕ್ಕೆ ನೀರಿಗೆ ಸೇರುತ್ತವೆ. ಆದುದರಿಂದ ಹೊಸ ಮರಳನ್ನು ಬಳಸಲಾಗುತ್ತದೆ, ಇಲ್ಲವೇ ಹಳೆಯದನ್ನು ನೀರು ತಿಳಿಯಾಗುವವರೆಗೆ ತೊಳೆಯಲಾಗುತ್ತದೆ. ತೊಳೆದಾಗ ಮರಳಿನ ಬ್ಯಾಕ್ಟೀರಿಯಾಗಳು ನಷ್ಟವಾದರೂ, ಶಿಲೆಗಳು ಸುಸ್ಥಿತಿಯಲ್ಲಿದ್ದರೆ ಆ ಕೊರತೆಯನ್ನು ತುಂಬಿಕೊಡುತ್ತವೆ.

ವರ್ಗಾವಣೆಯ ನಂತರ

ಮೊದಲ ಒಂದೆರಡು ವಾರ ಪ್ರತಿದಿನ ಅಮೋನಿಯಾವನ್ನು ಅಳೆದು, ಆಹಾರವನ್ನು ಮಿತಗೊಳಿಸಲಾಗುತ್ತದೆ. ಅಮೋನಿಯಾ ಕಂಡುಬಂದರೆ ನೀರಿನ ಒಂದು ಭಾಗವನ್ನು ಬದಲಿಸಬೇಕು. ತೊಟ್ಟಿ ದೊಡ್ಡದಾದ ಮಾತ್ರಕ್ಕೆ ತಕ್ಷಣವೇ ಹೊಸ ಮೀನುಗಳನ್ನು ಸೇರಿಸುವುದು ಸೂಕ್ತವಲ್ಲ. ಬ್ಯಾಕ್ಟೀರಿಯಾಗಳ ಪ್ರಮಾಣ ಇನ್ನೂ ಹಳೆಯ ತೊಟ್ಟಿಯ ಹೊರೆಗೆ ತಕ್ಕಷ್ಟೇ ಇರುತ್ತದೆ.

ಹವಳದ ಅಂಗಾಂಶದೊಳಗಿನ ಸಹಜೀವಿ ಪಾಚಿಗಳು ಬೆಳಕಿನ ದಿಢೀರ್ ಏರಿಕೆಯನ್ನು ಸಹಿಸುವುದಿಲ್ಲ. ಹೊಸ ದೀಪಗಳು ಪ್ರಖರವಾಗಿದ್ದರೆ ಹವಳವು ಪಾಚಿಗಳನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಹವಳಗಳನ್ನು ಮೊದಲು ತಳಭಾಗದಲ್ಲಿರಿಸಿ, ಎರಡು-ಮೂರು ವಾರಗಳಲ್ಲಿ ಬೆಳಕನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತದೆ.

ಸುರಕ್ಷತೆ

ಪ್ಯಾಲಿಥೋವ ಕುಲದ ಹಾಗೂ ಅದಕ್ಕೆ ಸಂಬಂಧಿಸಿದ ಕೆಲವು ಗುಂಡಿ ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ. 1971ರಲ್ಲಿ ಇದನ್ನು ಹವಾಯಿಯ ಹವಳಜೀವಿಯೊಂದರಿಂದ ಪ್ರತ್ಯೇಕಿಸಲಾಯಿತೆಂದು ವರದಿಯಾಯಿತು. ಶಿಲೆಗೆ ಅಂಟಿದ ಇಂತಹ ಹವಳಗಳನ್ನು ಕೆರೆದಾಗ ಅಥವಾ ಶಿಲೆಯನ್ನು ಕುದಿಯುವ ನೀರಿನಿಂದ ಶುಚಿಗೊಳಿಸಿದಾಗ ವಿಷವು ಗಾಳಿಗೆ ಸೇರಿ, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಕೈಗವಸು ಮತ್ತು ಕನ್ನಡಕ ಧರಿಸುವುದು, ಶಿಲೆಯನ್ನು ಎಂದಿಗೂ ಕುದಿಸದಿರುವುದು ಅತ್ಯಗತ್ಯ. ನೀರಿನಲ್ಲಿ ಕೈಯಿಡುವ ಮೊದಲು ವಿದ್ಯುತ್ ಉಪಕರಣಗಳ ಸಂಪರ್ಕವನ್ನೂ ತಪ್ಪಿಸಬೇಕು.

ಕಾನೂನು

ಭಾರತದಲ್ಲಿ ದಿಬ್ಬ ನಿರ್ಮಿಸುವ ಹವಳಗಳು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿ ಸೇರಿದ್ದು, ಅವುಗಳನ್ನು ಸಮುದ್ರದಿಂದ ಸಂಗ್ರಹಿಸುವುದು ಅಪರಾಧ. ದೊಡ್ಡ ತೊಟ್ಟಿಯನ್ನು ತುಂಬಿಸಲು ಕರ್ನಾಟಕದ ಮುರ್ಡೇಶ್ವರದ ಬಳಿಯಿರುವ ನೇತ್ರಾಣಿ ದ್ವೀಪದಂತಹ ತಾಣಗಳಿಂದ ಹವಳ ತರುವುದಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ.