ಹುಲ್ಲು ಬೆಳೆಯುವ ಬಯಲು ಪಾಳು ಭೂಮಿಯಲ್ಲ

ಕಾಡುಪ್ರಾಣಿ ನೋಡಬೇಕೆಂದರೆ ಆಫ್ರಿಕಾ ಸಫಾರಿಗೇ ಹೋಗಬೇಕು, ಕೊಪ್ಪಳದ ಬಯಲಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಕುರುಚಲು ನೆಲವೆಲ್ಲ ಅವರ ಕಣ್ಣಿಗೆ ಪಾಳು. ಮರವಿದ್ದರಷ್ಟೇ ಕಾಡು, ಕಾಡಿದ್ದರಷ್ಟೇ ಪ್ರಾಣಿ ಎಂಬ ಈ ನಂಬಿಕೆಯಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ.

ಲಕ್ಷಾಂತರ ವೈಲ್ಡ್‌ಬೀಸ್ಟ್ ಮೇಯುವ ತಾಂಜಾನಿಯಾದ ಸೆರೆಂಗೆಟಿಯ ದಕ್ಷಿಣ ಬಯಲಲ್ಲಿ ಮರಗಳೇ ಅಪರೂಪ. ಹಳೆಯ ಜ್ವಾಲಾಮುಖಿ ಬೂದಿ ಮಣ್ಣಿನಡಿ ಗಟ್ಟಿ ಪದರವಾಗಿದೆ. ಮರದ ಬೇರು ಅದನ್ನು ಸೀಳಲಾರದು, ಹುಲ್ಲಿಗೆ ಅಷ್ಟು ಆಳ ಬೇಕಿಲ್ಲ. ಆ ಬಯಲನ್ನು ನೋಡಲು ಲಕ್ಷಗಟ್ಟಲೆ ಖರ್ಚು ಮಾಡುವವರೇ ಊರಿನ ಗೋಮಾಳವನ್ನು ಬಂಜರು ಎನ್ನುತ್ತಾರೆ!

ಕೊಪ್ಪಳ ಜಿಲ್ಲೆಯಲ್ಲೇ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ತೋಳಧಾಮವಿದೆ. ರಾಜ್ಯಕ್ಕೆ ಇದೇ ಮೊದಲನೆಯದು. ದೇಶದಲ್ಲಿ ಜಾರ್ಖಂಡ್‌ನ ಮಹುವಾಡಾಂಡ್ (1976) ಬಿಟ್ಟರೆ ಇದೇ. ತೋಳ ಬೇಟೆಯನ್ನು ಓಡಿಸಿ ಹಿಡಿಯುತ್ತದೆ. ಚಿಗರಿ ದೂರದಿಂದಲೇ ಅಪಾಯ ಕಂಡು ಓಡಿ ಬದುಕುತ್ತದೆ. ಎರಡಕ್ಕೂ ಬಯಲೇ ಬೇಕು.

ಅಲ್ಲಿ ಸಸಿ ನೆಟ್ಟರೆ ಒಳ್ಳೆಯದಲ್ಲವೇ ಎನ್ನುವವರು ರಾಣೆಬೆನ್ನೂರನ್ನು ನೋಡಲಿ. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ ಆ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಬಯಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು.

ಉಳಿದ ತಪ್ಪು ನಂಬಿಕೆಗಳಿಗೆ ಚುಟುಕಾಗಿ ಉತ್ತರ. ಸಿಂಹ ದಟ್ಟ ಕಾಡಿನ ಪ್ರಾಣಿಯಲ್ಲ, ಹುಲ್ಲು ಬಯಲಿನದು. ತೋಳ ಕುರಿ ಹೊತ್ತೊಯ್ಯುವುದು ನಿಜ. ಆದರೆ ಸಾಮಾನ್ಯವಾಗಿ ಮನುಷ್ಯನ ಸುಳಿವು ಸಿಕ್ಕರೆ ದೂರ ಸರಿಯುತ್ತದೆ. ತೋಳಕ್ಕೆ ಹುಚ್ಚು ರೋಗ ಹರಡುವ ಬೀದಿನಾಯಿಯ ಬಗ್ಗೆ ಯಾರಿಗೂ ಚಿಂತೆಯಿಲ್ಲ.

ಹಸಿರು ಕಂಡಿದ್ದೆಲ್ಲ ಒಳ್ಳೆಯದೆಂದು ಭಾಷಣದಲ್ಲಿ ಕೇಳಿದ್ದನ್ನು ನಂಬುತ್ತೇವೆ. ಆ ನೆಲದಲ್ಲೇ ಬದುಕುವ ಕುರಿಗಾರರನ್ನು ಒಂದು ಮಾತು ಕೇಳುವುದಿಲ್ಲ. ಇಂಥದೇ ಬಯಲಿನ ಪ್ರಾಣಿ ಚೀತಾ ಭಾರತದಲ್ಲಿ ಅಳಿಯಿತೆಂದು 1952ರಲ್ಲಿ ಘೋಷಿಸಿ, 2022ರಲ್ಲಿ ನಮೀಬಿಯಾದಿಂದ ಎಂಟನ್ನು ವಿಮಾನದಲ್ಲಿ ತಂದೆವು. ತೋಳಕ್ಕೂ ಆ ಗತಿ ಬರಬಾರದು.

ವಿಶ್ವ ಪರಿಸರ ದಿನವಾದ ಜೂನ್ 5ಕ್ಕೆ ಸಸಿ ನೆಡಿ. ಶಾಲೆಯಂಗಳ, ರಸ್ತೆ ಬದಿ, ಹೊಲದ ಬದುವಿನಲ್ಲಿ ನೆಡಿ. ಹುಲ್ಲುಗಾವಲಿನಲ್ಲಿ ಮಾತ್ರ ಗುಂಡಿ ತೋಡಬೇಡಿ.